24 ಗಂಟೆಯಲ್ಲಿ ಅಳಿಸಿಹೋಗುವ ನಮ್ಮೂರ ವಸಂತ

ಸಂಕ್ರಾಂತಿ ಮುಗಿದರೆ ಸಾಕು, ನಮ್ಮ ಕಡೆಯ ವಾಟ್ಸಾಪ್ ಸ್ಟೇಟಸ್‌ಗಳ ಬಣ್ಣ ಬದಲಾಗುತ್ತದೆ. ಮಂಜು ಮುಸುಕಿದ ಅಂಜನಾಪುರ ಜಲಾಶಯ, ಇಬ್ಬನಿ ತುಂಬಿದ ಜೇಡರ ಬಲೆ, ಗದ್ದೆ ಬದುವಿನ ಆಚೆ ಏಳುತ್ತಿರುವ ಸೂರ್ಯ. ಫೆಬ್ರವರಿ ಹೊತ್ತಿಗೆ ಮಾವಿನ ಹೂ, ಒಂದೂ ಎಲೆಯಿಲ್ಲದೆ ಕೆಂಪಾಗಿ ನಿಂತ ಬೂರುಗ, ಶಿಕಾರಿಪುರದ ಕಡೆ ರಸ್ತೆ ಪಕ್ಕದ ಮುತ್ತುಗ. ಹಿಂದೆ ಒಂದು ಹಾಡು, ಕೆಳಗೆ ಎರಡು ಹೃದಯದ ಚಿಹ್ನೆ. ಮರುದಿನ ಅದೇ ಹೊತ್ತಿಗೆ ಎಲ್ಲ ಮಾಯ. ಸ್ಟೇಟಸ್‌ನ ಆಯಸ್ಸೇ 24 ಗಂಟೆ.

ಫೋಟೊ ತೆಗೆಯುವವರ ಮೇಲೆ ನನಗೆ ಯಾವ ತಕರಾರೂ ಇಲ್ಲ. ಇನ್ನೂ ಹೆಚ್ಚು ತೆಗೆಯಲಿ. ಆದರೆ ಒಂದು ಪ್ರಶ್ನೆ ಕೇಳುತ್ತೇನೆ. ನಿಮ್ಮ ಮನೆ ಹಿಂದಿನ ಮಾವಿನ ಮರ ಹೋದ ವರ್ಷ ಯಾವ ವಾರ ಹೂ ಬಿಟ್ಟಿತ್ತು? ಅದರ ಹಿಂದಿನ ವರ್ಷ? ಫೋನಿನಲ್ಲಿ ಸಾವಿರಗಟ್ಟಲೆ ಫೋಟೊ ಇರುವವರೂ ಇದಕ್ಕೆ ಉತ್ತರ ಹೇಳುವುದು ಕಷ್ಟ.

"ಈ ಸಲ ಹೂ ಬೇಗ ಬಂತು", "ಚಳಿಯೇ ಬೀಳಲಿಲ್ಲ ಮಾರಾಯ", "ಕೋಗಿಲೆ ಈಗಲೇ ಶುರು ಮಾಡಿದೆ". ಶಿರಾಳಕೊಪ್ಪದ ಬಸ್ ನಿಲ್ದಾಣದಲ್ಲಿ ನಿಂತರೂ, ಆನವಟ್ಟಿಯ ಹೋಟೆಲಿನಲ್ಲಿ ಕೂತರೂ ಈ ಮಾತು ಕಿವಿಗೆ ಬೀಳುತ್ತದೆ. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೋಗುತ್ತದೆ ಅಂತ ಹಿರಿಯರು ಹೇಳಿದ್ದರು. ಈಗ ಅದು ಶಿವರಾತ್ರಿವರೆಗೂ ಕಾಯುತ್ತಿಲ್ಲ ಅನ್ನುವವರಿದ್ದಾರೆ. ನಿಜವೇ? ಇರಬಹುದು. ಆದರೆ ತೋರಿಸಲು ನಮ್ಮ ಹತ್ತಿರ ಏನಿದೆ? ನೆನಪಿನ ಮಾತಿಗೆ ಎದುರು ಮಾತು ಸುಲಭ. ತಾರೀಖು ಇರುವ ಫೋಟೊಗೆ ಎದುರು ಮಾತು ಅಷ್ಟು ಸುಲಭವಲ್ಲ.

ನನ್ನ ಅಭಿಪ್ರಾಯ ಇಷ್ಟೇ: ಚಳಿಗಾಲ ಕಳೆದು ವಸಂತ ಬರುವ ಈ ದಿನಗಳಲ್ಲಿ ನೂರು ಮರದ ನೂರು ಫೋಟೊ ತೆಗೆಯುವ ಬದಲು, ಒಂದೇ ಮರದ ಹತ್ತು ಫೋಟೊ ತೆಗೆದು ಜೋಪಾನವಾಗಿ ಇಡಿ. ಮುಂದಿನ ವರ್ಷವೂ ಅದನ್ನೇ ಮಾಡಿ.

ಎರಡು ತಾಲ್ಲೂಕು, ಎರಡು ಥರದ ವಸಂತ

ನಮ್ಮ ಎರಡು ತಾಲ್ಲೂಕುಗಳು ಅಕ್ಕಪಕ್ಕದಲ್ಲೇ ಇವೆ, ಆದರೆ ವಸಂತ ಎರಡರಲ್ಲೂ ಒಂದೇ ಥರ ಬರುವುದಿಲ್ಲ. ಶಿಕಾರಿಪುರದ ಪೂರ್ವದ ಕಡೆ ಅರೆಮಲೆನಾಡು. ಮೆಕ್ಕೆಜೋಳದ ಹೊಲ, ಎಲೆ ಉದುರಿಸುವ ಕಾಡು. ಅಲ್ಲಿ ವಸಂತ ಬರುವುದು ಬರಿ ಕೊಂಬೆಯ ಮೇಲೆ. ಮೊದಲು ಎಲೆ ಉದುರುತ್ತದೆ, ಆಮೇಲೆ ಬೂರುಗ, ಮುತ್ತುಗ ಹೂ ಬಿಡುತ್ತವೆ. ದೂರದಿಂದಲೇ ಕಾಣುವ ವಸಂತ ಅದು.

ಸೊರಬದ ಕಡೆ ಹೋದಂತೆ ಕಾನು ಸಿಗುತ್ತದೆ. ವರ್ಷವಿಡೀ ಹಸಿರಾಗಿರುವ, ಊರಿನವರು ದೇವರ ಹೆಸರಿನಲ್ಲೂ ನೀರಿನ ಕಾರಣಕ್ಕೂ ಉಳಿಸಿಕೊಂಡು ಬಂದ ಕಾಡು. ಇಲ್ಲಿ ವಸಂತ ಅಷ್ಟು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಹಸಿರಿನ ನಡುವೆ ಅಲ್ಲೊಂದು ಇಲ್ಲೊಂದು ಕೊಂಬೆ ಕೆಂಪು ಚಿಗುರು ಬಿಡುತ್ತದೆ. ಸುರಗಿ ಹೂ ಬಿಟ್ಟರೆ ಮರ ಕಾಣುವ ಮೊದಲೇ ಪರಿಮಳ ಬರುತ್ತದೆ. ತೋಟದಲ್ಲಿ ಅಡಿಕೆಯ ಹೊಂಬಾಳೆ ಬಿರಿಯುತ್ತದೆ. ಹಲಸಿನ ಬುಡದಲ್ಲಿ ಮಿಡಿ ಕಾಣಿಸುತ್ತದೆ.

ಇವೆಲ್ಲ ಒಂದೇ ದಿನ ಆಗುವ ಸಂಗತಿಗಳಲ್ಲ. ಅದಕ್ಕೇ ಹೇಳುತ್ತೇನೆ, ವಸಂತದ ಫೋಟೊ ಊರಿನವರ ಕೆಲಸ. ದೂರದಿಂದ ಉದ್ದದ ಲೆನ್ಸ್ ಹೊತ್ತು ಬರುವವರಿಗೆ ಸಿಗುವುದು ಒಂದು ಭಾನುವಾರ. ಗುಡವಿಯ ಪಕ್ಷಿಧಾಮದಲ್ಲಿ ಮಳೆಗಾಲದ ಗೂಡುಗಳನ್ನು ಅವರು ನಮಗಿಂತ ಚೆನ್ನಾಗಿ ತೆಗೆಯಬಹುದು. ಚಂದ್ರಗುತ್ತಿ ಗುಡ್ಡದ ಮೇಲಿನ ಸೂರ್ಯೋದಯವನ್ನೂ ತೆಗೆಯಬಹುದು. ಆದರೆ ಒಂದು ಮರ ಸಂಕ್ರಾಂತಿಯಿಂದ ಯುಗಾದಿವರೆಗೆ ಹೇಗೆ ಬದಲಾಯಿತು ಅನ್ನುವುದನ್ನು ಅವರು ತೆಗೆಯಲಾರರು. ಅದಕ್ಕೆ ದಿನಾ ಆ ಮರದ ಕೆಳಗೆ ಓಡಾಡಬೇಕು. ಹಾಲು ಹಾಕಲು ಡೇರಿಗೆ ಹೋಗುವವರು, ತೋಟಕ್ಕೆ ನೀರು ಬಿಡಲು ಹೋಗುವವರು, ಅಂಗಳದಲ್ಲಿ ಬಿದ್ದ ಮಾವಿನ ಹೂ ಗುಡಿಸುವ ಹೆಂಗಸರು, ಶಾಲೆಗೆ ನಡೆದು ಹೋಗುವ ಮಕ್ಕಳು. ಈ ಫೋಟೊ ತೆಗೆಯಬಲ್ಲವರು ಇವರೇ.

ಬರೆದಿಟ್ಟದ್ದು ಮಾತ್ರ ಉಳಿಯಿತು

ಇದೆಲ್ಲ ಯಾರಿಗೆ ಬೇಕು ಅನ್ನುವವರು ಇರುತ್ತಾರೆ. ಅವರಿಗೆ ಮೂರು ಉದಾಹರಣೆ ಕೊಡುತ್ತೇನೆ. ಎರಡು ನಮ್ಮ ಸೀಮೆಯವೇ.

ಮೊದಲನೆಯದು ತಾಳಗುಂದ. ಶಿಕಾರಿಪುರ ತಾಲ್ಲೂಕಿನ ಈ ಊರಿನ ಪ್ರಣವೇಶ್ವರ ದೇವಸ್ಥಾನದ ಎದುರಿನ ಕಲ್ಲುಕಂಬದ ಮೇಲೆ 5ನೇ ಶತಮಾನದ ಸಂಸ್ಕೃತ ಶಾಸನವಿದೆ. ಶಾಲೆಯಲ್ಲಿ ಓದಿದ ಮಯೂರನ ಕಥೆ ನಮಗೆ ಗೊತ್ತಿರುವುದು ಬಹುಮಟ್ಟಿಗೆ ಈ ಕಂಬದಿಂದ. ಇದೇ ಶಾಸನ ಇನ್ನೊಂದು ಸಣ್ಣ ಸಂಗತಿಯನ್ನೂ ಹೇಳುತ್ತದೆ. ಆ ಮನೆತನದವರ ಮನೆಯ ಹತ್ತಿರ ಒಂದು ಕದಂಬ ಮರವಿತ್ತು, ಅದನ್ನು ಅವರು ಜತನದಿಂದ ನೋಡಿಕೊಂಡರು, ಅದರಿಂದಲೇ ಅವರಿಗೆ ಕದಂಬರು ಅನ್ನುವ ಹೆಸರು ಬಂತು. ಮನೆ ಹತ್ತಿರದ ಒಂದು ಮರದ ಮಾತು ಕಲ್ಲಿನ ಮೇಲೆ ಬಿದ್ದದ್ದರಿಂದ ಸುಮಾರು 1500 ವರ್ಷ ಉಳಿದಿದೆ.

ಎರಡನೆಯದು ಸೊರಬದ ಕಾನುಗಳು. 1868ರಲ್ಲಿ ಬ್ರಿಟಿಷ್ ಸರ್ಕಾರದ ಅರಣ್ಯಾಧಿಕಾರಿ ಬ್ರಾಂಡಿಸ್ ಮತ್ತು ಅವರ ಜೊತೆ ಗ್ರಾಂಟ್ ಸೊರಬದ ಕಾನುಗಳ ಬಗ್ಗೆ ಒಂದು ವರದಿ ಬರೆದರು. ಅದರಲ್ಲಿ 171 ಕಾನುಗಳ ಪಟ್ಟಿ ಇದೆ, ಒಟ್ಟು ವಿಸ್ತೀರ್ಣ 32 ಸಾವಿರ ಎಕರೆಗೂ ಹೆಚ್ಚು. ಅವರು ಬಂದದ್ದು ಸರ್ಕಾರದ ಲೆಕ್ಕಕ್ಕೆ, ನಮ್ಮ ಮೇಲಿನ ಪ್ರೀತಿಗಲ್ಲ. ಆದರೂ ಇವತ್ತು ಯಾರಾದರೂ "ಇಲ್ಲಿ ಕಾನು ಇರಲೇ ಇಲ್ಲ" ಅಂದರೆ ಎದುರು ಇಡಲು ಆ ಪಟ್ಟಿ ಇದೆ. ಸಂಶೋಧಕರು ಈಗಿನ ಕಾನುಗಳನ್ನು ಹೋಲಿಸಿ ನೋಡುವುದೂ ಅದರ ಜೊತೆಗೇ. ಆಗ ಪಟ್ಟಿ ಮಾಡದೇ ಹೋಗಿದ್ದರೆ ಎಷ್ಟು ಕಳೆದುಕೊಂಡೆವು ಅನ್ನುವ ಲೆಕ್ಕವೂ ನಮಗೆ ಸಿಗುತ್ತಿರಲಿಲ್ಲ.

ಮೂರನೆಯದು ದೂರದ ಜಪಾನಿನದು. ಅಲ್ಲಿನ ಕ್ಯೋಟೊ ನಗರದಲ್ಲಿ ಚೆರ್ರಿ ಮರ ಪೂರ್ತಿ ಹೂವಾಗುವ ದಿನದ ದಾಖಲೆ 9ನೇ ಶತಮಾನದಿಂದ ಸಿಗುತ್ತದೆ. ಬರೆದವರು ವಿಜ್ಞಾನಿಗಳಲ್ಲ. ಅರಮನೆಯ ಜನ, ಮಠದ ಸನ್ಯಾಸಿಗಳು ತಮ್ಮ ದಿನಚರಿಯಲ್ಲಿ "ಇವತ್ತು ಹೂವಿನ ಹಬ್ಬ" ಎಂಬಂಥ ಮಾತು ಬರೆದುಕೊಂಡಿದ್ದರು. ಯಾಸುಯುಕಿ ಆವೊನೊ ಅನ್ನುವ ವಿಜ್ಞಾನಿ ಆ ಹಳೆಯ ದಿನಚರಿಗಳನ್ನು ಹುಡುಕಿ ತಾರೀಖುಗಳನ್ನು ಜೋಡಿಸಿದರು. ಆ ಪಟ್ಟಿ ಇದ್ದದ್ದರಿಂದಲೇ 2021ರಲ್ಲಿ ಮಾರ್ಚ್ 26ಕ್ಕೆ ಹೂ ತುಂಬಿದಾಗ, 1200 ವರ್ಷದಲ್ಲಿ ಇಷ್ಟು ಬೇಗ ಎಂದೂ ಆಗಿರಲಿಲ್ಲ ಎಂದು ಜಗತ್ತಿಗೆ ಗೊತ್ತಾಯಿತು. ಹವಾಮಾನ ಬದಲಾಗುತ್ತಿದೆ ಅನ್ನುವುದಕ್ಕೆ ಅದು ಈಗ ದೊಡ್ಡ ಸಾಕ್ಷಿ.

ನಮ್ಮ ಬನವಾಸಿ ಸೀಮೆಯ ವಸಂತವನ್ನು ಪಂಪನೇ ಹೊಗಳಿದ್ದಾನೆ. ಹೊಗಳಿಕೆ ಕನ್ನಡಕ್ಕೆ ಸಿಕ್ಕಿತು, ತಾರೀಖು ಸಿಗಲಿಲ್ಲ. ಇವತ್ತು ನಮ್ಮ ಜೇಬಿನಲ್ಲಿರುವ ಫೋನು ಪ್ರತಿ ಫೋಟೊಗೂ ತಾನಾಗೇ ತಾರೀಖು, ಗಂಟೆ ಬರೆದುಕೊಳ್ಳುತ್ತದೆ. ಆ ಸನ್ಯಾಸಿಗಳಿಗೆ ಇಷ್ಟು ಅನುಕೂಲ ಇರಲಿಲ್ಲ.

ಹೂವಿನ ಹಿಂದೆ ಹೊಟ್ಟೆಪಾಡಿದೆ

ಮಾವು ಹೂ ಬಿಡಲು ರಾತ್ರಿಯ ಚಳಿ ಬೇಕು. ಹೂ ಬಿಟ್ಟ ಮೇಲೆ ಮೋಡ, ಮಂಜು, ಅಕಾಲದ ಮಳೆ ಬಂದರೆ ಬೂದಿರೋಗ, ಜಿಗಿಹುಳು ಅಂಟಿಕೊಂಡು ಹೂ ಕಪ್ಪಾಗಿ ಉದುರುತ್ತದೆ. ಅಡಿಕೆ ತೋಟದವರಿಗೆ ಎಲೆಚುಕ್ಕಿ ರೋಗದ ಭಯ ಈಚಿನ ವರ್ಷಗಳಲ್ಲಿ ಮಲೆನಾಡಿನ ತುಂಬ ಇದೆ. ಒಂದೇ ಅಡಿಕೆ ಮರದ ಸೋಗೆಯನ್ನು ವಾರಕ್ಕೊಮ್ಮೆ ಒಂದೇ ಕಡೆಯಿಂದ ತೆಗೆದಿಟ್ಟರೆ, ಚುಕ್ಕಿ ಯಾವಾಗ ಶುರುವಾಯಿತು, ಎಷ್ಟು ಬೇಗ ಹರಡಿತು ಎಂದು ಕೃಷಿ ವಿಜ್ಞಾನ ಕೇಂದ್ರದವರಿಗೆ ತೋರಿಸಬಹುದು. ಬರೀ "ಹೋದ ತಿಂಗಳಿಂದ ಇದೆ ಸಾರ್" ಅನ್ನುವುದಕ್ಕಿಂತ ಅದು ಮೇಲು.

ಒಂದು ಮಾತು ಸ್ಪಷ್ಟವಾಗಿರಲಿ. ಈ ಫೋಟೊ ತೋರಿಸಿದರೆ ವಿಮೆ ಹಣ ಬರುತ್ತದೆ ಎಂದು ನಾನು ಹೇಳುತ್ತಿಲ್ಲ. ಅಡಿಕೆಯಂಥ ತೋಟದ ಬೆಳೆಗೆ ಇರುವುದು ಹವಾಮಾನ ಆಧಾರಿತ ವಿಮೆ. ಅದರ ಲೆಕ್ಕ ನಡೆಯುವುದು ಮಳೆಮಾಪಕ, ತಾಪಮಾನದ ಅಂಕಿಗಳ ಮೇಲೆ. ಆದರೆ ಮಾಪಕ ಹೇಳುವುದಕ್ಕೂ ತೋಟದಲ್ಲಿ ಆಗಿದ್ದಕ್ಕೂ ತಾಳೆ ಇಲ್ಲ ಅನಿಸಿದಾಗ ಪ್ರಶ್ನೆ ಕೇಳಬೇಕಲ್ಲ? ಹತ್ತು ಜನ ರೈತರ ಕೈಯಲ್ಲಿ ಅದೇ ವಾರದ ತಾರೀಖಿರುವ ಫೋಟೊ ಇದ್ದರೆ ಕೇಳುವ ದನಿಗೆ ಗಟ್ಟಿತನ ಬರುತ್ತದೆ.

ಕಾನಿನ ಅಂಚಿಗೂ ಇದೇ ಮಾತು. ಫೆಬ್ರವರಿ, ಮಾರ್ಚ್ ತರಗೆಲೆ ಒಣಗಿ ಬೆಂಕಿ ಬೀಳುವ ಕಾಲ. ಯಾವ ವಾರ ಬೆಂಕಿ ಬಿತ್ತು, ಎಲ್ಲಿವರೆಗೆ ಸುಟ್ಟಿತು, ಮಳೆ ಬಿದ್ದ ಮೇಲೆ ಏನು ಚಿಗುರಿತು, ಏನು ಚಿಗುರಲೇ ಇಲ್ಲ. ಒಂದೇ ಜಾಗದಿಂದ ತೆಗೆದ ನಾಲ್ಕು ಫೋಟೊ ಇದನ್ನೆಲ್ಲ ಹೇಳುತ್ತದೆ. ಹೋದ ವರ್ಷದ ಬೇಲಿ ಈ ವರ್ಷ ಕಾನಿನ ಒಳಗೆ ಹತ್ತು ಹೆಜ್ಜೆ ಸರಿದಿದ್ದರೆ ಅದನ್ನೂ ಹೇಳುತ್ತದೆ.

ತೆಗೆಯುವುದು ಹೇಗೆ?

ದುಬಾರಿ ಕ್ಯಾಮೆರಾ ಬೇಡ. ಕೈಯಲ್ಲಿರುವ ಫೋನು ಸಾಕು. ಆದರೆ ಕೆಲವು ವಿಷಯ ಗಮನದಲ್ಲಿರಲಿ.

ಮರ ಒಂದನ್ನು ಆರಿಸಿ. ದಿನಾ ಕಣ್ಣಿಗೆ ಬೀಳುವಂಥದ್ದಾಗಿರಲಿ. ನಿಲ್ಲುವ ಜಾಗಕ್ಕೆ ಒಂದು ಕಲ್ಲು ಇಡಿ, ಪ್ರತಿ ಸಲ ಅಲ್ಲೇ ನಿಂತು ತೆಗೆಯಿರಿ. ಚೌಕಟ್ಟಿನಲ್ಲಿ ಅಲುಗಾಡದ ವಸ್ತು ಒಂದಿರಲಿ. ಬೇಲಿ ಕಂಬವೋ, ಮನೆಯ ಮೂಲೆಯೋ, ಬಾವಿ ಕಟ್ಟೆಯೋ ಆಗಬಹುದು. ಮರ ಎಷ್ಟು ಬೆಳೆಯಿತು, ಕೊಂಬೆ ಎಲ್ಲಿ ಕಡಿದರು ಅನ್ನುವುದು ಆಗ ತಿಳಿಯುತ್ತದೆ. ಪ್ರತಿ ವಾರ ಒಂದು ಇಡೀ ಮರದ ಫೋಟೊ, ಒಂದು ಹತ್ತಿರದ ಫೋಟೊ. ಹತ್ತಿರದ್ದಕ್ಕೆ ಜೂಮ್ ಮಾಡಬೇಡಿ, ನೀವೇ ಹತ್ತಿರ ಹೋಗಿ. ಜೂಮ್ ಎಳೆದಷ್ಟೂ ಫೋಟೊ ಮಸುಕು.

ಬೆಳಕಿನ ವಿಷಯದಲ್ಲಿ ಈ ಕಾಲ ನಮಗೆ ಧಾರಾಳವಾಗಿದೆ. ಡಿಸೆಂಬರ್ ಕೊನೆಯಲ್ಲಿ ಮಟಮಟ ಮಧ್ಯಾಹ್ನವೂ ನಮ್ಮ ಕಡೆ ಸೂರ್ಯ ಸುಮಾರು 52 ಡಿಗ್ರಿ ಎತ್ತರಕ್ಕಷ್ಟೇ ಏರುತ್ತಾನೆ. ಮಾರ್ಚ್ 21ರ ಹೊತ್ತಿಗೆ ಅದು ಸುಮಾರು 76 ಡಿಗ್ರಿ ಆಗುತ್ತದೆ, ಬಹುತೇಕ ನೆತ್ತಿಯ ಮೇಲೆ. ಅದಕ್ಕೇ ಚಳಿಗಾಲದ ಬೆಳಕು ಓರೆಯಾಗಿ ಬಿದ್ದು ತೊಗಟೆಯ ಗೆರೆ, ಎಲೆಯ ನರ ಎಲ್ಲ ಎದ್ದು ಕಾಣುತ್ತವೆ. ದಿನ ಕಳೆದಂತೆ ನೆರಳು ಚಿಕ್ಕದಾಗುತ್ತದೆ, ಬೆಳಕು ಬಿರುಸಾಗುತ್ತದೆ. ಜನವರಿ ಕೊನೆಯಲ್ಲಿ ಸೂರ್ಯ ಹುಟ್ಟುವುದು ಹೆಚ್ಚುಕಡಿಮೆ 7 ಗಂಟೆಗೆ. ಅಲ್ಲಿಂದ ಒಂದೂವರೆ ಗಂಟೆ ಒಳ್ಳೆಯ ಹೊತ್ತು, ಗಾಳಿಯೂ ಕಡಿಮೆ ಇರುತ್ತದೆ. ಮಾವಿನ ಹೂಗೊಂಚಲು ಸಣ್ಣ ಗಾಳಿಗೂ ಅಲುಗಾಡುತ್ತದೆ.

ತೆಗೆಯುವ ಮೊದಲು ಲೆನ್ಸನ್ನು ಹತ್ತಿಬಟ್ಟೆಯಿಂದ ಒರೆಸಿ. ಚಳಿಯ ಬೆಳಗ್ಗೆ ಅದರ ಮೇಲೆ ಉಸಿರಿನ ಆವಿ, ಬೆರಳಿನ ಜಿಡ್ಡು ಕೂತಿರುತ್ತದೆ. ಮುತ್ತುಗದ ಹೂವಿನಂಥ ಕಡುಬಣ್ಣಕ್ಕೆ ಫೋನು ಮೋಸಹೋಗುತ್ತದೆ, ಎಸಳಿನ ಗೆರೆಗಳೆಲ್ಲ ಅಳಿಸಿ ಒಂದೇ ಬಣ್ಣದ ಮುದ್ದೆ ಕಾಣುತ್ತದೆ. ಪರದೆಯ ಮೇಲೆ ಹೂವನ್ನು ಬೆರಳಿನಿಂದ ಮುಟ್ಟಿ, ಬೆಳಕನ್ನು ಸ್ವಲ್ಪ ಕೆಳಗೆ ಎಳೆಯಿರಿ. ಮಾವಿನ ಹೂವಿನಂಥ ತಿಳಿಬಣ್ಣದ್ದಕ್ಕೆ ಹಿಂದೆ ಕಪ್ಪು ನೆರಳು ಬರುವ ಹಾಗೆ ನಿಲ್ಲಿ. ಬಣ್ಣ ಹೆಚ್ಚಿಸುವ ಫಿಲ್ಟರ್ ಈ ಫೋಟೊಗಳಿಗೆ ಬೇಡವೇ ಬೇಡ. ಚಿಗುರು ಕೆಂಪೋ ತಾಮ್ರದ ಬಣ್ಣವೋ ಅನ್ನುವುದೇ ಇಲ್ಲಿ ಮುಖ್ಯ.

ಜೊತೆಗೆ ಒಂದು ನೋಟ್‌ಬುಕ್. ಮೊದಲ ಹೂ ಕಂಡ ದಿನ, ಅರ್ಧ ಮರ ಹೂವಾದ ದಿನ, ಮೊದಲ ಮಿಡಿ, ಮೊದಲ ಚಿಗುರು. ಅವತ್ತು ಮಂಜಿತ್ತೋ, ಮೋಡವಿತ್ತೋ, ಯಾವ ಹಕ್ಕಿ ಬಂದಿತ್ತು. ಒಂದೊಂದು ಸಾಲು ಸಾಕು.

ವಾಟ್ಸಾಪ್ ಏನು ಕಿತ್ತುಕೊಳ್ಳುತ್ತದೆ?

ಫೋನಿನಲ್ಲಿ ತೆಗೆದ ಫೋಟೊದ ಒಳಗೆ ತಾರೀಖು, ಸಮಯ, ಲೊಕೇಶನ್ ಆನ್ ಇದ್ದರೆ ಜಾಗ ಕೂಡ ದಾಖಲಾಗಿರುತ್ತದೆ. ಅದನ್ನು ವಾಟ್ಸಾಪ್‌ನಲ್ಲಿ ಮಾಮೂಲಿನಂತೆ ಫೋಟೊವಾಗಿ ಕಳಿಸಿದರೆ ಆ ವಿವರವೆಲ್ಲ ಕಳಚಿಹೋಗುತ್ತದೆ, ಫೋಟೊದ ಗಾತ್ರವೂ ಕುಗ್ಗುತ್ತದೆ. ಪಡೆದವರ ಫೋನಿನಲ್ಲಿ ಕಾಣುವುದು ಅದು ಅಲ್ಲಿಗೆ ಬಂದು ಇಳಿದ ದಿನ. ಎರಡು ಗ್ರೂಪ್ ದಾಟಿದರೆ ಅದು ಸೊರಬದ ಬೂರುಗವೋ ಬಿಹಾರದ ಬೂರುಗವೋ ಹೇಳುವವರಿಲ್ಲ.

ಹಾಗಾಗಿ ಮೂಲ ಫೋಟೊವನ್ನು ಅಳಿಸಬೇಡಿ. ಬೇರೆಯವರಿಗೆ ದಾಖಲೆಯಾಗಿ ಕೊಡಬೇಕಿದ್ದರೆ "ಡಾಕ್ಯುಮೆಂಟ್" ಎಂದು ಆರಿಸಿ ಕಳಿಸಿ, ವಿವರ ಉಳಿಯುತ್ತದೆ. ಫೋನಿನಲ್ಲಿ ಮರದ ಹೆಸರಿನಲ್ಲೇ ಒಂದು ಆಲ್ಬಮ್ ಮಾಡಿ. ವರ್ಷಕ್ಕೆ ಇಪ್ಪತ್ತು ಇಪ್ಪತ್ತೈದು ಫೋಟೊ ಅಷ್ಟೆ, ಹಬ್ಬದ ವಿಡಿಯೊಗಳು ತಿನ್ನುವಷ್ಟು ಜಾಗ ಇವು ತಿನ್ನುವುದಿಲ್ಲ. ಫೋನು ಬಾವಿಗೆ ಬಿದ್ದರೂ ಉಳಿಯಲಿ ಎಂದು ಇನ್ನೊಂದು ಕಡೆ ಪ್ರತಿ ಇಡಿ. ಸ್ಟೇಟಸ್‌ಗೂ ಹಾಕಿ, ಬೇಡ ಎನ್ನುವುದಿಲ್ಲ. ಹಾಕುವಾಗ ಊರು, ಮರ, ತಾರೀಖು ಬರೆದು ಹಾಕಿ.

ಎಲ್ಲವನ್ನೂ ತೋರಿಸಬೇಕಿಲ್ಲ

ಈ ಸಲಹೆಗೆ ಬರುವ ಒಂದು ಆಕ್ಷೇಪ ಸರಿಯಾದದ್ದೇ. ಜಾಗದ ಸಮೇತ ಫೋಟೊ ಹಂಚಿದರೆ ಕಳ್ಳರಿಗೆ ದಾರಿ ತೋರಿಸಿದಂತೆ ಅಲ್ಲವೇ? ಹೌದು. ಶ್ರೀಗಂಧದ ಮರ, ಹಕ್ಕಿಯ ಗೂಡು, ಹೆಜ್ಜೇನು, ಅಪರೂಪದ ಕಾಡುಪ್ರಾಣಿ ಇವುಗಳ ಜಾಗ ಹಂಚಲೇಬೇಡಿ. ಅಂಥ ಕಡೆ ಲೊಕೇಶನ್ ಆಫ್ ಮಾಡಿಯೇ ತೆಗೆಯಿರಿ, ಡಾಕ್ಯುಮೆಂಟ್ ಆಗಿ ಕಳಿಸಿದರೆ ಜಾಗವೂ ಜೊತೆಗೆ ಹೋಗುತ್ತದೆ ಅನ್ನುವುದು ನೆನಪಿರಲಿ. ಫೋಟೊಗಾಗಿ ಗೂಡಿನ ಮುಂದಿನ ಕೊಂಬೆ ಸರಿಸುವುದು, ಫೋನಿನಲ್ಲಿ ಕೂಗು ಹಾಕಿ ಹಕ್ಕಿಯನ್ನು ಕರೆಯುವುದು ಬೇಡ. ಗೂಡು ಕಟ್ಟುವ ಹೊತ್ತಿನಲ್ಲಿ ಹಕ್ಕಿ ಗಾಬರಿಯಾದರೆ ಗೂಡನ್ನೇ ಬಿಟ್ಟುಹೋಗಬಹುದು.

ಊರ ಮಾವು, ದೇವಸ್ಥಾನದ ಅರಳಿ, ಶಾಲೆಯ ಹೊಂಗೆ, ಕೆರೆ ಏರಿಯ ಬೂರುಗ ಇವಕ್ಕೆ ಆ ಭಯವಿಲ್ಲ. ಶುರು ಮಾಡಲು ಇವೇ ಸಾಕು.

ಪಂಚಾಯಿತಿಯಲ್ಲಿ ಒಂದು ಪುಟ

ಇಷ್ಟೆಲ್ಲ ಮಾಡಿ ಫೋಟೊ ಎಲ್ಲಿಡುವುದು? ಜಾಗ ಈಗಾಗಲೇ ಇದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಆ ಊರಿನ ಗಿಡಮರ, ಪ್ರಾಣಿಪಕ್ಷಿ, ಜನರ ಅರಿವು ಇವುಗಳ ಜನತಾ ಜೀವವೈವಿಧ್ಯ ದಾಖಲಾತಿ ಮಾಡಬೇಕು. ಒಂದು ಸಲ ಬರೆಸಿ ಬೀರುವಿನಲ್ಲಿ ಬೀಗ ಹಾಕಿಟ್ಟರೆ ಅದು ಬರೀ ಕಾಗದ. ವರ್ಷವರ್ಷವೂ ಹೊಸದಾಗಿ ತುಂಬಿದರೆ ಮಾತ್ರ ದಾಖಲಾತಿ. ಅದರಲ್ಲಿ ಪ್ರತಿ ವರ್ಷ ವಸಂತಕ್ಕೆ ಒಂದು ಪುಟ ಇರಲಿ ಅನ್ನುವುದು ನನ್ನ ಬೇಡಿಕೆ: ನಮ್ಮೂರ ಐದು ಮರ, ಅವು ಹೂ ಬಿಟ್ಟ ತಾರೀಖು, ಜೊತೆಗೆ ಫೋಟೊ. ಗ್ರಾಮ ಪಂಚಾಯಿತಿ ಗ್ರಂಥಾಲಯ ಈಗ ಅರಿವು ಕೇಂದ್ರ. ಕಂಪ್ಯೂಟರ್ ಇರುವ ಕಡೆ ಒಂದು ಫೋಲ್ಡರ್ ಮಾಡಿಡುವುದು ಖರ್ಚಿಲ್ಲದ ಕೆಲಸ. ಇಂಟರ್ನೆಟ್‌ನಲ್ಲಿ ಸೇರುವ ಮನಸ್ಸಿದ್ದವರಿಗೆ ಸೀಸನ್‌ವಾಚ್ ಎಂಬ ಯೋಜನೆ ಇದೆ. ಒಂದು ಮರವನ್ನು ವಾರವಾರ ನೋಡಿ ಎಲೆ, ಹೂ, ಕಾಯಿಯ ವಿವರ ಸೇರಿಸುವುದಷ್ಟೇ ಕೆಲಸ. ಕೇರಳದ ಶಾಲಾ ಮಕ್ಕಳು ಇದರಲ್ಲಿ ದೊಡ್ಡ ಸಂಖ್ಯೆಯಲ್ಲಿ ಇದ್ದಾರೆ, ನಮ್ಮ ಶಾಲೆಗಳೂ ಸೇರಬಹುದು. ಫೆಬ್ರವರಿ ನಡುವೆ ನಾಲ್ಕು ದಿನ ಜಗತ್ತಿನಾದ್ಯಂತ ಹಿತ್ತಲ ಹಕ್ಕಿಗಳ ಎಣಿಕೆಯೂ ನಡೆಯುತ್ತದೆ. ಹೂ ಬಿಟ್ಟ ಬೂರುಗದ ಕೆಳಗೆ ಹದಿನೈದು ನಿಮಿಷ ನಿಂತರೆ ಮೈನಾ, ಕಾಜಾಣ, ಸೂರಕ್ಕಿ ಎಂದು ಪಟ್ಟಿ ತಾನಾಗೇ ಬೆಳೆಯುತ್ತದೆ.

ಒಂದು ವರ್ಷದ ಫೋಟೊದಿಂದ ಏನೂ ಸಾಬೀತಾಗುವುದಿಲ್ಲ. ಒಂದು ವರ್ಷ ಬೇಗ, ಒಂದು ವರ್ಷ ತಡ ಅನ್ನುವುದು ಮರದ ಸ್ವಭಾವವೇ ಇರಬಹುದು. ಐದು ವರ್ಷವಾದರೆ ಮಾತಾಡಲು ಏನೋ ಇರುತ್ತದೆ. ಹತ್ತು ವರ್ಷವಾದರೆ ಈಗ ನಾಲ್ಕನೇ ಕ್ಲಾಸಿನಲ್ಲಿರುವ ಮಗು ಕಾಲೇಜಿಗೆ ಹೋಗುವಾಗ ತನ್ನೂರಿನ ಹವಾಮಾನದ ದಾಖಲೆ ಕೈಯಲ್ಲಿ ಹಿಡಿದುಕೊಂಡೇ ಹೋಗುತ್ತದೆ.

ಈ ವಾರ ಒಂದು ಮರ ಆರಿಸಿ, ನಿಲ್ಲುವ ಜಾಗಕ್ಕೆ ಕಲ್ಲು ಇಟ್ಟು ಮೊದಲ ಫೋಟೊ ತೆಗೆಯಿರಿ. ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು, ನಮ್ಮ ಪಂಚಾಯಿತಿಯ ಜೀವವೈವಿಧ್ಯ ದಾಖಲಾತಿ ಎಲ್ಲಿದೆ, ಅದನ್ನು ಕೊನೆಯ ಸಲ ತೆರೆದದ್ದು ಯಾವಾಗ ಎಂದು ಕೇಳಿ. ಕೇಳುವಾಗ ಫೋನಿನಲ್ಲಿರುವ ನಿಮ್ಮ ಮರದ ಆಲ್ಬಮ್ ತೆರೆದು ತೋರಿಸಿ.